ಮೂರು ಸಾವಿರದ ಕೀಬೋರ್ಡಿನ ಹೊಟ್ಟೆಯೊಳಗೆ

ಗುರುಪಾದ, ನನ್ನ ಕೀಬೋರ್ಡು ಮೂರು ಸಾವಿರದ್ದಲ್ಲ. ಇಪ್ಪತ್ತಾರು ಸಾವಿರದ್ದು.

ಹೊರಗಿನ ಪ್ಲಾಸ್ಟಿಕ್ ಪೆಟ್ಟಿಗೆ ಮಾತ್ರ ಅಗ್ಗದ್ದು — ನಿನ್ನದರಂಥದ್ದೇ, ಒಂದೇ ದಿನ ಒಂದೇ ಕಡೆಯಿಂದ ಇಬ್ಬರೂ ತರಿಸಿದ್ದು. ಒಳಗಿರುವುದೆಲ್ಲ ಬೇರೆ. ತಳಕ್ಕೆ ಮಕ್ಕಳು ಆಡುವ ಕ್ಲೇ ತುಂಬಿದ್ದೇನೆ ಅಂದಿದ್ದೆನಲ್ಲ, ಅದು ಕ್ಲೇ ಅಲ್ಲ, ಹಿತ್ತಾಳೆ ತಗಡು. ಸ್ವಿಚ್ಚಿನ ಗ್ರೀಸನ್ನು ಮೂರು ಸಲ ಒರೆಸಿ ಮೂರು ಸಲ ಹಚ್ಚಿದರೆ ಆ ಸದ್ದು ಬರುತ್ತದೆ ಅಂದಿದ್ದೆನಲ್ಲ — ನಾನು ಒಂದು ಸಲವೂ ಹಚ್ಚಲಿಲ್ಲ. ಮಾರಿದವರೇ ಹಚ್ಚಿ ಕಳಿಸಿದ್ದರು. ಮತ್ತೆ ನಿನ್ನ ಕೈ... ನಿನ್ನ ಕೈಗೆ ಏನೂ ಆಗಿಲ್ಲ. ಆಗಲೂ ಆಗಿರಲಿಲ್ಲ, ಈಗಲೂ ಆಗಿಲ್ಲ.

ಮೂರು ವರ್ಷದಿಂದ ಹೇಳಬೇಕಾಗಿದ್ದದ್ದು ಇಷ್ಟೇ. ಇಷ್ಟನ್ನು ಹೇಳುವುದಕ್ಕೆ ನನಗೆ, ಬಾಯಿ ಮುಚ್ಚಿಸುವುದೇ ಕಷ್ಟ ಅಂತ ಬನಶಂಕರಿಯಲ್ಲೆಲ್ಲ ಹೆಸರು ಪಡೆದವನಿಗೆ, ಮೂರು ವರ್ಷ ಬಾಯಿ ಬರಲಿಲ್ಲ.

ಈ ಕಾಗದವನ್ನು ಮೊದಲು ನಿನ್ನ ಕೈಗೆ ಕೊಡುತ್ತೇನೆ. ನೀನು ಓದಿದ ಮೇಲೆ ನಮ್ಮ ಭಾನುವಾರದ ಕೀಬೋರ್ಡ್ ಗುಂಪಿನವರಿಗೂ ಕಳಿಸುತ್ತೇನೆ. ಸುಳ್ಳು ಹೇಳಿದ್ದು ಹದಿನೈದು ಇಪ್ಪತ್ತು ಜನರ ಮುಂದೆ. ನಿಜವನ್ನು ನಿನ್ನೊಬ್ಬನ ಕಿವಿಯಲ್ಲಿ ಪಿಸುಗುಟ್ಟಿ ಮುಗಿಸಿದರೆ ಅದೂ ಒಂದು ಕಿತಾಪತಿಯೇ ಆಗುತ್ತದೆ. ಆ ಗುಂಪಿಗೆ ಹೊಸದಾಗಿ ಬಂದ ಹುಡುಗ ಹುಡುಗಿಯರಿಗೆ ನಾವಿಬ್ಬರು ಮುದುಕರು ಯಾರು ಅಂತ ತಿಳಿದಿರುವುದಿಲ್ಲ. ಅವರಿಗೋಸ್ಕರ ನಿನಗೆ ಗೊತ್ತಿರುವುದನ್ನೂ ಅಲ್ಲಲ್ಲಿ ಬರೆಯುತ್ತೇನೆ. ಸಹಿಸಿಕೋ.

ನಾನು, ಶ್ರೀನಿವಾಸಮೂರ್ತಿ, ನಿನ್ನ ಬಾಯಲ್ಲಿ ಸೀನ, ಜಯನಗರದಲ್ಲಿ ಇಪ್ಪತ್ತೆಂಟು ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವನು. ನೀನು ಕೋರ್ಟಿನಲ್ಲಿ ಟೈಪಿಸ್ಟ್. ಹಗಲೆಲ್ಲ ಅಲ್ಲಿ ಹೊಡೆದು ಸಂಜೆ ಆರಕ್ಕೆ ನನ್ನಲ್ಲಿಗೆ ಬಂದು ಪರೀಕ್ಷೆಗೆ ಕೂರುವ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ನಮ್ಮಲ್ಲಿ ಯಾರು ಚೆನ್ನಾಗಿ ಟೈಪ್ ಮಾಡುತ್ತಿದ್ದರು ಅಂತ ಯಾರಾದರೂ ಕೇಳಿದರೆ ನಾನು ಇಷ್ಟು ದಿನ "ಇಬ್ರೂ ಒಂದೇ ಬಿಡಿ" ಅನ್ನುತ್ತಿದ್ದೆ. ಅದೂ ಸುಳ್ಳು. ನಾನು ಸದ್ದು ಜಾಸ್ತಿ ಮಾಡುತ್ತಿದ್ದೆ. ನೀನು ಟೈಪ್ ಮಾಡುತ್ತಿದ್ದೆ.

ಹತ್ತಿಯ ಕತೆ ಇವರಿಗೆ ಹೇಳಲೇಬೇಕು. ಟೈಪ್‌ರೈಟರಿನಲ್ಲಿ ಸಾಲು ಮುಗಿಯುವ ಮೊದಲು ಟಿಣ್ ಅಂತ ಒಂದು ಗಂಟೆ ಹೊಡೆಯುತ್ತದೆ. ಅದನ್ನು ಕೇಳಿ ಮುಂದಿನ ಸಾಲಿಗೆ ಹೋಗಬೇಕು. ಒಂದು ಸಂಜೆ ನೀನು ಬರುವ ಮೊದಲು ನಿನ್ನ ಮಿಷಿನ್ನಿನ ಗಂಟೆಗೆ ಹತ್ತಿ ಸುತ್ತಿಟ್ಟೆ. ಸಾಲು ಅಂಚು ದಾಟಿ ಹಾಳಾಗುತ್ತದೆ, ಎಲ್ಲರ ಮುಂದೆ ನಗಬಹುದು ಅಂತ. ನೀನು ಬಂದೆ, ಕೂತೆ, ಒಂದು ಪೂರ್ತಿ ಪುಟ ಹೊಡೆದೆ. ಒಂದು ಸಾಲೂ ಅಂಚು ದಾಟಿರಲಿಲ್ಲ. ಹಾಳೆ ಎಳೆದು ನನ್ನ ಕಡೆ ನೋಡದೆಯೇ ಹೇಳಿದೆ.

"ಹತ್ತಿ ತೆಗಿಯೋ ಕಪಿ. ಗಂಟೆಗೆ ನೆಗಡಿ ಆಗಿದೆ."

ನಲವತ್ತು ವರ್ಷದಲ್ಲಿ ನಾನು ಮಾಡಿದ ಒಂದೊಂದು ಚೇಷ್ಟೆಯನ್ನೂ ನೀನು ಹೀಗೇ ಹಿಡಿದಿದ್ದೀಯ. ಈ ಒಂದನ್ನು ಮಾತ್ರ ಹಿಡಿಯಲಿಲ್ಲ. ಯಾಕೆ ಅಂತ ಬಹಳ ಯೋಚನೆ ಮಾಡಿದ್ದೇನೆ. ಹಿಂದೆಲ್ಲ ಏನಾದರೂ ಎಡವಟ್ಟಾದರೆ ನೀನು ಮೊದಲು ನನ್ನ ಮೇಲೆ ಅನುಮಾನ ಪಡುತ್ತಿದ್ದೆ. ಈ ಸಲ ನಿನ್ನ ಮೇಲೇ ಪಟ್ಟೆ.

ಇದೆಲ್ಲ ಶುರುವಾದದ್ದು ನಮ್ಮ ಮಹಡಿಯ ಬಾಡಿಗೆಯ ಹುಡುಗಿ ಮೇಘನಾಳಿಂದ. ಅವಳು ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ ಮೇಲಿಂದ ಒಂದು ಸದ್ದು ಇಳಿದು ಬರುತ್ತಿತ್ತು. ಮೆತ್ತಗೆ, ದಪ್ಪಗೆ, ಯಾರೋ ಮರದ ಮಣೆಯ ಮೇಲೆ ಕವಡೆ ಉರುಳಿಸಿದ ಹಾಗೆ. ನನ್ನ ಹೆಂಡತಿ ಶಾರದೆ ಅಡಿಗೆಮನೆಯಿಂದ ಕೇಳಿದಳು.

"ರೀ, ಆ ಹುಡುಗಿ ಮೇಲೆ ಏನ್ ಕುಟ್ಟತ್ತೆ ದಿನವಿಡೀ?"

ನೋಡಲು ಹೋದೆ. ಕೀಬೋರ್ಡು. ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಬಿಡಿಬಿಡಿ ತರಿಸಿ ತಾನೇ ಜೋಡಿಸಿದ್ದು. ಒಂದೊಂದು ಕೀಯ ಕೆಳಗೂ ಒಂದು ಪುಟ್ಟ ಡಬ್ಬಿ, ಅದಕ್ಕೆ ಸ್ವಿಚ್ಚು ಅನ್ನುತ್ತಾರೆ. ಅದರೊಳಗೆ ಒಂದು ಸ್ಪ್ರಿಂಗು, ಒಂದು ಪ್ಲಾಸ್ಟಿಕ್ ಕಡ್ಡಿ. ಅದನ್ನು ಬಿಚ್ಚಿ, ಸಣ್ಣ ಬ್ರಷ್ಷಿನಲ್ಲಿ ಕಾಣದಷ್ಟು ಗ್ರೀಸು ಹಚ್ಚಿ ಮತ್ತೆ ಮುಚ್ಚಿದರೆ ಸದ್ದು ನಯವಾಗುತ್ತದೆ. ಅವಳು ಹೇಳುತ್ತಾ ಹೋದಳು, ನಾನು ಬೆರಳಿಟ್ಟೆ. ಹನ್ನೆರಡು ವರ್ಷದ ಹಿಂದೆ ಮಿಷಿನ್ನುಗಳನ್ನೆಲ್ಲ ಗುಜರಿಗೆ ಹಾಕಿ ಬಾಗಿಲು ಮುಚ್ಚಿದ ಮೇಲೆ ಮೊದಲ ಸಲ ಬೆರಳಿಗೆ ಏನೋ... ಅದನ್ನು ಇಲ್ಲಿ ಬಣ್ಣಿಸಲು ಹೋದರೆ ನೀನು ನಗುತ್ತೀಯ. ಮಾರನೆಯ ದಿನವೇ ನಿನ್ನನ್ನು ಕತ್ರಿಗುಪ್ಪೆಯಿಂದ ಕರೆಸಿದೆ. ನೀನು ಕಣ್ಣುಮುಚ್ಚಿ ಎರಡು ಸಾಲು ಹೊಡೆದು, ಕಣ್ಣು ತೆರೆಯದೆ, "ಇದು ಯಾವ ಸುಖವೋ ಮಾರಾಯ" ಅಂದೆ.

ಮೇಘನಾ ನಮ್ಮಿಬ್ಬರನ್ನೂ ಜೆ.ಪಿ. ನಗರದಲ್ಲಿ ತಿಂಗಳ ಮೂರನೆಯ ಭಾನುವಾರ ಸೇರುವ ಗುಂಪಿಗೆ ಕರೆದುಕೊಂಡು ಹೋದಳು. ಯಾರದೋ ಮನೆಯ ತಾರಸಿಯ ಶೀಟಿನ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಕೀಬೋರ್ಡುಗಳು. ಒಬ್ಬೊಬ್ಬರೂ ಒಬ್ಬೊಬ್ಬರದನ್ನು ಒತ್ತಿ ನೋಡುವುದು, ಕಿವಿ ಹತ್ತಿರ ಇಟ್ಟು ಕೇಳುವುದು. ಹುಡುಗರು ಇಪ್ಪತ್ತು ಸಾವಿರ, ನಲವತ್ತು ಸಾವಿರ ಅಂತೆಲ್ಲ ಹೇಳುತ್ತಿದ್ದರು. ನನ್ನ ಬಾಯಿ ಸುಮ್ಮನಿರುತ್ತದೆಯೇ?

"ಮೂರ್ ಸಾವ್ರ ಕೊಡ್ರಪ್ಪ, ಇದೇ ಸದ್ದು ನಾನ್ ತೆಗೀತೀನಿ. ಮಿಷಿನ್ ಜೊತೆ ಇಪ್ಪತ್ತೆಂಟ್ ವರ್ಷ ಸಂಸಾರ ಮಾಡಿರೋ ಕೈ ಇದು."

"ಚಾಲೆಂಜಾ ಅಂಕಲ್?" ಅಂದ ಒಬ್ಬ.

"ಚಾಲೆಂಜೇ. ಮುಂದಿನ ತಿಂಗ್ಳು ನೋಡ್ಕೊ ಗುರು."

ಹಾಗೆ ತಲಾ ಮೂರು ಸಾವಿರಕ್ಕೆ ಎರಡು ಕಿಟ್, ಅಂದರೆ ಜೋಡಿಸದ ಬಿಡಿಭಾಗಗಳ ಪೆಟ್ಟಿಗೆ, ತರಿಸಿದೆವು, ಒಂದು ನಿನಗೆ, ಒಂದು ನನಗೆ. ನಿನಗೆ ಯಾವ ಚಾಲೆಂಜೂ ಇರಲಿಲ್ಲ. ನಿನಗೆ ಬೇಕಿದ್ದದ್ದು ನಿಮ್ಮ ರಸ್ತೆಯವರ ಅರ್ಜಿ ಹೊಡೆಯಲು ಒಂದು ಒಳ್ಳೆಯ ಕೀಬೋರ್ಡು. ಬೀದಿದೀಪ ಕೆಟ್ಟರೆ, ಪಿಂಚಣಿ ನಿಂತರೆ, ಯಾರದೋ ಮನೆಯ ನೀರಿನ ಬಿಲ್ಲು ತಪ್ಪು ಬಂದರೆ ಎಲ್ಲರೂ ನಿನ್ನ ಮನೆಯ ಗೇಟು ತೆಗೆಯುತ್ತಿದ್ದರು. ಅರ್ಧ ಗಂಟೆಯಲ್ಲಿ ಒಂದು ತಪ್ಪಿಲ್ಲದ ಹಾಳೆ ತೆಗೆದುಕೊಂಡು ಹೋಗುತ್ತಿದ್ದರು. ಕಾಫಿಯನ್ನೂ ಕುಡಿದು ಹೋಗುತ್ತಿದ್ದರು.

ನನ್ನ ಕೆಲಸ ಎರಡೇ ದಿನಕ್ಕೆ ಕೆಟ್ಟಿತು. ಎಂಬತ್ತನಾಲ್ಕು ಸ್ವಿಚ್ಚು ಬಿಚ್ಚಬೇಕಿತ್ತು. ಆರನೆಯದಕ್ಕೇ ಬೇಜಾರಾಯಿತು. ಆರನ್ನು ಮುಚ್ಚಿ, ಉಳಿದದ್ದನ್ನು ಹಾಗೆಯೇ ಸಿಕ್ಕಿಸಿ ಒತ್ತಿದೆ — ಹಾರ್ಲಿಕ್ಸ್ ಬಾಟಲಿಯಲ್ಲಿ ಗೋಲಿ ಅಲ್ಲಾಡಿಸಿದ ಸದ್ದು. ಮೂರನೆಯ ಭಾನುವಾರಕ್ಕೆ ಹತ್ತು ದಿನ ಇತ್ತು. ಸೋತೆ ಅಂತ ಹೇಳಿ ಒಂದು ಪ್ಲೇಟು ಇಡ್ಲಿ ಕೊಡಿಸಿದ್ದರೆ ಮುಗಿದುಹೋಗುತ್ತಿತ್ತು. ಹುಡುಗರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಆದರೆ ಜೀವನವಿಡೀ ಬೇರೆಯವರನ್ನು ನೋಡಿ ನಕ್ಕವನಿಗೆ, ತನ್ನನ್ನು ನೋಡಿ ನಗುವುದನ್ನು...

ತರಿಸಿದೆ. ಒಳ್ಳೆಯ ಸ್ವಿಚ್ಚು, ಅವುಗಳನ್ನು ಕೂರಿಸುವ ಒಳ್ಳೆಯ ಪ್ಲೇಟು, ದಪ್ಪನೆಯ ಕೀಗಳು, ಎಲ್ಲವೂ ತುಟ್ಟಿ ಸಾಮಾನು. ತೂಕಕ್ಕೆ ವಿಲ್ಸನ್ ಗಾರ್ಡನ್ನಿನ ಒಂದು ವರ್ಕ್‌ಶಾಪಿಗೆ ಹೋಗಿ ಅಳತೆ ಕೊಟ್ಟು ಹಿತ್ತಾಳೆ ತಗಡು ಕತ್ತರಿಸಿಕೊಂಡು ಬಂದೆ.

"ಯಾವ್ ದೇವ್ರ ಪೀಠಕ್ಕೆ ಸಾರ್?" ಅಂದ ಅಲ್ಲಿಯವನು.

"ನಂದೇ ಪೀಠಕ್ಕಪ್ಪ," ಅಂದೆ. ತಮಾಷೆಗೆ ಅಂದದ್ದು, ಆದರೆ ಅವತ್ತು ನಾನು ಆಡಿದ ಒಂದೇ ನಿಜ ಅದು.

ಶಾರದೆಗೆ ಗೊತ್ತಾಗದಂತೆ ಖಾಲಿ ಡಬ್ಬಗಳನ್ನು ಅಟ್ಟಕ್ಕೆ ಹಾಕಿದ್ದೆ. ಮೂರು ದಿನದಲ್ಲಿ ಅವುಗಳಲ್ಲಿ ಸಂಡಿಗೆ ತುಂಬಿ ನನ್ನ ಮುಂದೆಯೇ ಇಟ್ಟಳು, ಮೇಲೆ ಅಂಟಿಸಿದ್ದ ಬಿಲ್ಲಿನ ಸಮೇತ.

"ಇಪ್ಪತ್ತಾರ್ ಸಾವ್ರಕ್ಕೆ ಟಕ್ ಟಕ್ ಅನ್ಸೋದಾದ್ರೆ, ನಾನ್ ಲಟ್ಟಣಿಗೇಲಿ ಪುಕ್ಕಟೆ ಅನ್ಸ್ತಿದ್ನಲ್ರೀ."

"ಯಾರಿಗೂ ಹೇಳ್ಬೇಡ್ವೇ. ಒಂದ್ ತಮಾಷೆ ಇದೆ ಇದ್ರಲ್ಲಿ."

"ನಿಮ್ ತಮಾಷೆಗೆ ಅತ್ಲಾಗೆ ಬೆಂಕಿ ಹಾಕ," ಅಂದು ಒಳಗೆ ಹೋದಳು. ಅವಳಿಗೆ ಆಗಲೇ ಏನೋ ಗೊತ್ತಾಗಿತ್ತು ಅನ್ನಿಸುತ್ತದೆ. ನನಗೆ ಇಲ್ಲ.

ಭಾನುವಾರ ಬಂತು. ನನ್ನ ಬಿಳಿ ಪ್ಲಾಸ್ಟಿಕ್ಕಿನ ಕೀಬೋರ್ಡನ್ನು ಮೇಜಿನ ಮೇಲಿಟ್ಟೆ. ಒಬ್ಬ ಒತ್ತಿದ. ಇನ್ನೊಬ್ಬ ಒತ್ತಿದ. ಉಳಿದವರೂ ಮೇಜಿನ ಸುತ್ತ ಮುಗಿಬಿದ್ದರು. ಆಮೇಲೆ "ಸಖತ್ ಅಂಕಲ್, ಸಖತ್" ಅಂತ ಶುರುವಾಯಿತು ನೋಡು... ಆ ಅರ್ಧ ಗಂಟೆ ನಾನು ಎಷ್ಟು ಖುಷಿಯಾಗಿದ್ದೆ ಅಂದರೆ, ನಾಚಿಕೆಯಿಂದ ಹೇಳುತ್ತೇನೆ, ಅದನ್ನು ನೆನೆದರೆ ಈಗಲೂ ಒಂದು ಕ್ಷಣ ಖುಷಿಯಾಗುತ್ತದೆ. "ದುಡ್ಡಲ್ಲ ಮಕ್ಳಾ, ಕೈ ಮುಖ್ಯ" ಅಂತ ಭಾಷಣ ಬಿಗಿದೆ. ನೀನು ಮಾತ್ರ ಕೀಬೋರ್ಡನ್ನು ಎತ್ತಿ ನೋಡಿದೆ. ಎಲ್ಲರೂ ಕೇಳುತ್ತಿದ್ದರು. ನೀನೊಬ್ಬ ಎತ್ತಿ ನೋಡಿದೆ.

"ಭಾರ ಇದೆಯಲ್ಲೋ."

"ಕ್ಲೇ ಕಣೋ. ಮಕ್ಳಾಡೋ ಕ್ಲೇ. ತಳಕ್ಕೆ ತುಂಬ್ದೆ."

"ಹೌದಾ," ಅಂದೆ ನೀನು. ಅಷ್ಟೇ. ನಂಬಿದೆ.

ಇಲ್ಲಿಗೆ ನಿಂತಿದ್ದರೆ ಇದು ತಮಾಷೆಯೇ ಆಗಿರುತ್ತಿತ್ತು ಅಂತ ನನಗೆ ನಾನೇ ಬಹಳ ಸಲ ಹೇಳಿಕೊಂಡಿದ್ದೇನೆ. ಮುಂದಿನ ತಿಂಗಳು ಬಿಚ್ಚಿ ತೋರಿಸಿ ಎಲ್ಲರನ್ನೂ ಬೇಸ್ತು ಬೀಳಿಸುವ ಯೋಚನೆಯೂ ಇತ್ತು. ನಿಜವಾಗಿ ಇತ್ತೋ, ಈಗ ಸೇರಿಸಿಕೊಳ್ಳುತ್ತಿದ್ದೇನೋ... ಗೊತ್ತಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ.

ಆ ಬುಧವಾರ ಬೆಳಿಗ್ಗೆ ನೀನು ನಮ್ಮ ಮನೆಗೆ ಬಂದೆ. ಜವಳಿ ಅಂಗಡಿಯ ಬಟ್ಟೆಚೀಲದಲ್ಲಿ ನಿನ್ನ ಕೀಬೋರ್ಡು. ಕಾಫಿ ಕೊಟ್ಟರೆ ಪಕ್ಕಕ್ಕಿಟ್ಟೆ, ಆರಿಹೋಯಿತು. ನೀನು ಕಾಫಿ ಆರಿಸಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ಕೇಳು ಇಲ್ಲಿ," ಅಂದು ನನ್ನ ಕಂಪ್ಯೂಟರಿಗೆ ಸಿಕ್ಕಿಸಿ ಒಂದು ಅರ್ಜಿ ಹೊಡೆಯಲು ಶುರು ಮಾಡಿದೆ. "ಮಾನ್ಯರೇ, ನಮ್ಮ ರಸ್ತೆಯ ಮೂರನೆಯ ಕಂಬದ ದೀಪವು..." ನೀನು ಹೊಡೆಯುತ್ತಿದ್ದೆ, ನಾನು ಕೇಳುತ್ತಿದ್ದೆ. ನೀನು ಎಂಬತ್ತನಾಲ್ಕು ಸ್ವಿಚ್ಚನ್ನೂ ಒಂದೊಂದಾಗಿ ಬಿಚ್ಚಿ, ಗ್ರೀಸು ಹಚ್ಚಿ, ಮುಚ್ಚಿದ್ದೆ. ಅಗ್ಗದ ಸ್ವಿಚ್ಚು, ಅಗ್ಗದ ಪ್ಲೇಟು. ಸದ್ದು ನನ್ನದರಷ್ಟು ದಪ್ಪಗಿರಲಿಲ್ಲ. ಆದರೆ ಒಂದು ಕೀಗೂ ಇನ್ನೊಂದು ಕೀಗೂ ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಇಪ್ಪತ್ತಾರು ಸಾವಿರ ಸುರಿದ ನನ್ನದರಲ್ಲಿ ಇಲ್ಲದ ಒಂದು ಹದ ಅದರಲ್ಲಿತ್ತು. ಅದು ನನಗೆ ಅವತ್ತೇ ಕೇಳಿಸಿತು, ಗುರುಪಾದ. ಈಗ ತಿಳಿಯಿತು ಅಂತ ಹೇಳಿದರೆ ಮತ್ತೊಂದು ಸುಳ್ಳಾಗುತ್ತದೆ.

ಹೊಡೆದು ಮುಗಿಸಿ ನನ್ನ ಕಡೆ ತಿರುಗಿದೆ. ಮುಖ ತುಂಬ ನಗು.

"ಚೆನ್ನಾಗೇ ಬಂದಿದೆ ಅನ್ಸತ್ತೆ ಕಣೋ ಸೀನ. ನಂಗಿಷ್ಟೇ ಬೇಕಾಗಿದ್ದು. ಸಾಕಲ್ವೇನೋ?"

ಸಾಕು ಅನ್ನಬೇಕಿತ್ತು. ಎರಡಕ್ಷರ.

ನಾನು ನನ್ನ ಕೀಬೋರ್ಡನ್ನು ಎಳೆದುಕೊಂಡು, ಕಾಲಿನ ಮೇಲೆ ಕಾಲು ಹಾಕಿ, ನಾಲ್ಕು ಕೀ ಒತ್ತಿ ಕೇಳಿಸಿದೆ. ಆಮೇಲೆ ಹೇಳಿದೆ. "ಪರ್ವಾಗಿಲ್ಲ. ಆದ್ರೆ ಒಂದ್ಸಲಕ್ಕೆ ಬರಲ್ಲ ಅದು. ನಾನು ಮೂರ್ ಸಲ ಹಚ್ಚಿದೀನಿ. ಪೂರ್ತಿ ಒರೆಸಿ, ಇನ್ನೊಂದ್ಸಲ ಬಿಚ್ಚು."

ನಿನ್ನ ನಗು ಹೋಗಲಿಲ್ಲ, ಸ್ವಲ್ಪ ಸಣ್ಣದಾಯಿತು. "ಹೌದಲ್ವಾ, ನಿಂದರ ಥರ ಇಲ್ಲ," ಅಂದೆ. ಚೀಲಕ್ಕೆ ಹಾಕಿಕೊಂಡು ಹೊರಟೆ. ಕಾಫಿ ಹಾಗೆಯೇ ಇತ್ತು.

ಇದನ್ನು ಯಾಕೆ ಹೇಳಿದೆ? ಚೇಷ್ಟೆ ಅಂತ ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಚೇಷ್ಟೆಯಲ್ಲ. ಹೊಟ್ಟೆಕಿಚ್ಚು. ಮೂರು ಸಾವಿರಕ್ಕೆ ಒಬ್ಬ ಮನುಷ್ಯ ಅಷ್ಟು ತೃಪ್ತಿಯಾಗಿ ಕೂತಿರುವುದನ್ನು, ಅದೂ ನನ್ನ ಕುರ್ಚಿಯಲ್ಲಿ, ನೋಡಿ ತಡೆಯಲಾಗಲಿಲ್ಲ. ನಾನು ಊರಿಗೆಲ್ಲ ಬೋಧಿಸಿದ್ದನ್ನು ನೀನು ಮಾಡಿ ತೋರಿಸಿಬಿಟ್ಟಿದ್ದೆ.

ನೀನು ಇನ್ನೊಂದು ಸಲ ಬಿಚ್ಚಿದೆ. ಆಮೇಲೆ ಮತ್ತೊಂದು ಸಲ. ಅರವತ್ತೆಂಟು ವರ್ಷದ ಬೆರಳಿನಲ್ಲಿ, ಉಗುರಿನಷ್ಟು ದೊಡ್ಡ ಡಬ್ಬಿಗಳನ್ನು. ಕ್ಲೇ ತಂದು ತಳಕ್ಕೆ ತುಂಬಿದೆ. ಅದರಿಂದ ಇದ್ದ ಸದ್ದೂ ಮಂಕಾಯಿತು. ಸ್ಪ್ರಿಂಗುಗಳು ಹಾರಿ ಮಂಚದ ಕೆಳಗೆ ಹೋಗುತ್ತಿದ್ದವಂತೆ, ನೀನು ಟಾರ್ಚು ಹಿಡಿದು ನೆಲದ ಮೇಲೆ ಮಲಗುತ್ತಿದ್ದೆಯಂತೆ. ಇದನ್ನೆಲ್ಲ ಹೇಳಿದ್ದು ನಿನ್ನ ಹೆಂಡತಿ ಪಾರ್ವತಮ್ಮ, ಫೋನಿನಲ್ಲಿ.

"ಸೀನಣ್ಣ, ನಿಮ್ ಸ್ನೇಹಿತ್ರು ಕಿವಿ ಡಾಕ್ಟ್ರ ಹತ್ರ ಹೋಗ್ಬಂದ್ರು, ಗೊತ್ತಾ ನಿಮಗೆ?"

"ಯಾಕಮ್ಮ, ಕಿವಿ ನೋವಾ?"

"ನೋವೂ ಇಲ್ಲ ಏನೂ ಇಲ್ಲ. ನಿಮ್ಮದರ ಸದ್ದು ಅವರದಕ್ಕೆ ಬರ್ತಿಲ್ವಂತೆ. ಕಿವಿ ಹೋಗಿರ್ಬೇಕು ಅಂತ. ಅದೇನೋ ಪೆಟ್ಟಿಗೆಯಂಥ ರೂಮಲ್ಲಿ ಕೂರಿಸಿ ಟುಂಯ್ ಅನ್ಸಿ ನೋಡಿದ್ರಂತೆ. ಡಾಕ್ಟ್ರು, ನಿಮ್ ವಯಸ್ಸಿಗೆ ಇಂಥ ಕಿವಿ ನಾನ್ ನೋಡಿಲ್ಲ ಅಂದ್ರಂತೆ."

ನಾನು ನಕ್ಕೆ. ಪಾರ್ವತಮ್ಮನೂ ನಕ್ಕರು. ಕೀಬೋರ್ಡಿನ ಸದ್ದು ಸರಿಯಿಲ್ಲ ಅಂತ ಕಿವಿ ತೋರಿಸಿಕೊಂಡು ಬಂದ ಮನುಷ್ಯ ಬೆಂಗಳೂರಿನಲ್ಲಿ ನೀನೊಬ್ಬನೇ ಇರಬೇಕು. ಆದರೆ ನಗು ಮುಗಿದ ಮೇಲೆ ಪಾರ್ವತಮ್ಮ ಮೆಲ್ಲಗೆ ಅಂದರು: "ಕಿವಿ ಸರಿ ಇದೆ ಅಂದ್ರೆ ಕೈನೇ ಹೋಗಿದೆ ಅಂತ ಕೂತಿದಾರೆ, ಸೀನಣ್ಣ."

ಅವತ್ತು ಹೇಳಬಹುದಿತ್ತು. ಫೋನು ಕೈಯಲ್ಲೇ ಇತ್ತು.

ಒಂದು ವಾರ ಬಿಟ್ಟು ನೀನೇ ಬಂದೆ. ಅದೇ ಬಟ್ಟೆಚೀಲ. ಒಳಗೆ ಕೀಬೋರ್ಡು, ಬ್ರಷ್ಷು, ಅರ್ಧ ಉಳಿದ ಗ್ರೀಸಿನ ಪುಟ್ಟ ಡಬ್ಬಿ. ಈ ಸಲ ಕಾಫಿ ಕುಡಿದೆ. ಲೋಟ ಕೆಳಗಿಟ್ಟು ಹೇಳಿದೆ.

"ಇದು ನಿನ್ ಹತ್ರನೇ ಇರ್ಲಿ ಕಣೋ. ಕೆಲ್ಸ ಬರೋರ್ ಹತ್ರ ಇರ್ಬೇಕು ಸಾಮಾನು. ನಂಗೆ ಕೈ ಮುಗೀತು ಅನ್ಸತ್ತೆ."

ಬೇಜಾರಿನಿಂದ ಹೇಳಲಿಲ್ಲ ನೀನು. ಮಾಮೂಲಿಯಾಗಿ ಹೇಳಿದೆ, ಕರೆಂಟು ಹೋಯಿತು ಅನ್ನುವ ಹಾಗೆ. ನಾನು "ಏಯ್ ಸುಮ್ನಿರೋ" ಅಂತ ಏನೋ ಅಂದೆ. ಚೀಲವನ್ನು ಬೀರುವಿನ ಕೆಳಗಿನ ಖಾನೆಯಲ್ಲಿಟ್ಟೆ. ಅದರ ಮೇಲೆ ಹಳೆಯ ಜಮಖಾನೆ ಬಿತ್ತು.

ಆಮೇಲೆ ನಿಮ್ಮ ರಸ್ತೆಯವರ ಅರ್ಜಿಗಳು ನಿಂತವು. ಯಾರಾದರೂ ಬಂದರೆ "ಸೈಬರ್ ಸೆಂಟರಿಗೆ ಹೋಗ್ರಪ್ಪ" ಅನ್ನುತ್ತಿದ್ದೆಯಂತೆ. ಗುಂಪಿಗೆ ಮಾತ್ರ ಬರುತ್ತಿದ್ದೆ, ಇಡ್ಲಿ ತಿನ್ನುವುದಕ್ಕೆ, ನನ್ನ ಭಾಷಣ ಕೇಳುವುದಕ್ಕೆ. ಮೂರು ವರ್ಷ ನಾನು ಅಲ್ಲಿ "ದುಡ್ಡಲ್ಲ, ಕೈ ಮುಖ್ಯ" ಅಂತ ಹೇಳುತ್ತಲೇ ಇದ್ದೆ, ಮತ್ತು ಆ ಮಾತನ್ನು ನೀನು ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೇಳುತ್ತಲೇ ಇದ್ದೆ. ತಲೆಯಾಡಿಸುತ್ತಿದ್ದೆ. ಅದು ನನಗೆ ಕಾಣುತ್ತಿತ್ತು. ಕಾಣುತ್ತಿದ್ದರೂ ನಾನು...

ಕಳೆದ ತಿಂಗಳು ನಿನ್ನ ಜೊತೆ ಬ್ಯಾಂಕಿಗೆ ಬಂದೆನಲ್ಲ. ನಾನಿನ್ನೂ ಬದುಕಿದ್ದೇನೆ ಅಂತ ಪಿಂಚಣಿದಾರರು ವರ್ಷಕ್ಕೊಮ್ಮೆ ಬರೆದುಕೊಡುವ ಫಾರಂ ತುಂಬಲು. ನನಗೆ ಪಿಂಚಣಿಯಿಲ್ಲ, ನಿನ್ನನ್ನು ರೇಗಿಸಲು ಬಂದಿದ್ದೆ. "ಇವ್ರು ಬದ್ಕಿದಾರೆ ಅಂತ ನಾನ್ ಸಾಕ್ಷಿ ಹೇಳ್ಬೇಕಾ ಮೇಡಂ?" ಅಂತೆಲ್ಲ. ಆ ಕೌಂಟರಿನ ಹುಡುಗಿ ನಗುತ್ತಾ ನಿನಗೆ ಫಾರಂ ಕೊಟ್ಟಳು. ನೀನು ಅದನ್ನು ವಾಪಸು ಅವಳ ಕಡೆ ತಳ್ಳಿದೆ.

"ಸ್ವಲ್ಪ ನೀವೇ ತುಂಬ್ಕೊಡಿ ತಾಯಿ. ನಂಗೆ ಕೈ ನಡುಗತ್ತೆ."

ನಾನು ನಿನ್ನ ಕೈ ನೋಡಿದೆ. ಕೌಂಟರಿನ ಮೇಲೆ ಇತ್ತು. ಬಂಡೆಗಲ್ಲಿನ ಹಾಗೆ ಇತ್ತು.

ಅವಳು ತುಂಬಿದಳು, ನೀನು ಸಹಿ ಹಾಕಿದೆ. ಅವಳು ಹಾಳೆ ತಿರುಗಿಸಿ ನೋಡಿ, "ಮುತ್ತು ಪೋಣಿಸ್ದಂಗಿದೆ ಸಹಿ. ನಡುಗತ್ತೆ ಅಂತೀರಲ್ಲ ಅಂಕಲ್?" ಅಂದಳು.

"ಸಹಿ ಬಿಡಮ್ಮ, ಅದು ಅಭ್ಯಾಸ," ಅಂದೆ ನೀನು.

ಗಂಟೆಗೆ ಹತ್ತಿ ಸುತ್ತಿದರೂ ಸಾಲು ತಪ್ಪದ ಕೈ, ಹೆಸರು ವಿಳಾಸ ಬರೆಯಲು ಇನ್ನೊಬ್ಬರನ್ನು ಕೇಳುತ್ತಿತ್ತು. ಅದನ್ನು ವಯಸ್ಸು ಮಾಡಲಿಲ್ಲ. ನಾನು ಮಾಡಿದೆ. ಆಟೋದಲ್ಲಿ ವಾಪಸು ಬರುವಾಗ "ಯಾಕೋ, ಹಲ್ಲು ನೋವಾ?" ಅಂತ ನೀನು ಎರಡು ಸಲ ಕೇಳಿದೆ.

ಮನೆಗೆ ಬಂದು ಜಮಖಾನೆ ಎತ್ತಿ ಚೀಲ ತೆಗೆದೆ. ತಳದ ಕ್ಲೇ ಗಟ್ಟಿಯಾಗಿ ಕೂತಿತ್ತು. ಚಮಚದಲ್ಲಿ ಕೆರೆದು ತೆಗೆಯುತ್ತಾ ಮಧ್ಯಾಹ್ನವಿಡೀ ಕೂತೆ. ಅದರ ಜಾಗಕ್ಕೆ ಶಾರದೆಯ ಹಳೆಯ ಯೋಗದ ಚಾಪೆಯ ಒಂದು ತುಂಡು ಕತ್ತರಿಸಿ ಹಾಕಿದೆ. ಅಷ್ಟೇ ನಾನು ಮಾಡಿದ್ದು. ಒಂದು ಸ್ವಿಚ್ಚನ್ನು ಬಿಚ್ಚಿ ನೋಡಿದೆ. ಆಮೇಲೆ ಇನ್ನೊಂದನ್ನು. ಹೀಗೆ ಹನ್ನೆರಡು. ಹನ್ನೆರಡರಲ್ಲೂ ಗ್ರೀಸು ಒಂದೇ ಹದ, ಒಂದೇ ಜಾಗ, ನೀನು ಹಾಳೆಯ ಅಂಚು ಬಿಡುತ್ತಿದ್ದೆಯಲ್ಲ, ಹಾಗೆ. ಮೂರನೆಯ ಸಲ ಹಚ್ಚಿದ್ದು ಅದು. ಕೈ ಹೋಯಿತು ಅಂತ ಅಂದುಕೊಂಡ ಮನುಷ್ಯ, ಅಂದುಕೊಳ್ಳುತ್ತಲೇ, ಹಚ್ಚಿದ್ದು.

ಮೇಘನಾ ತನ್ನ ಪಾರ್ಸೆಲ್ ತೆಗೆದುಕೊಳ್ಳಲು ಕೆಳಗೆ ಬಂದವಳು ನಿಂತಳು. ಒತ್ತಿ ನೋಡಿದಳು. ಉದ್ದ ಕೀಗಳು ಸಾಮಾನ್ಯವಾಗಿ ಗಲಗಲ ಅನ್ನುತ್ತವೆ, ಅದರಲ್ಲೂ ಸ್ಪೇಸ್ ಬಾರು. ಕೆಳಗಿನ ತಂತಿಯನ್ನು ಪಳಗಿಸುವುದು ಪರಿಣತರಿಗೂ ತಲೆನೋವು. ಅವಳು ಸ್ಪೇಸ್ ಬಾರನ್ನೇ ಹತ್ತು ಸಲ ಒತ್ತಿದಳು.

"ಯಾರ್ ಮಾಡಿದ್ದು ಅಂಕಲ್ ಇದು? ನಿಮ್ದಲ್ಲ ಇದು."

"ಹೆಂಗ್ ಹೇಳ್ತೀಯ ನಂದಲ್ಲ ಅಂತ?"

"ನಿಮ್ದು ಗಲಗಲ ಅನ್ನತ್ತಲ್ಲ, ಸ್ಪೇಸ್ ಬಾರು. ಮೊದಲಿಂದ ಅನ್ನತ್ತೆ. ಎಲ್ರಿಗೂ ಗೊತ್ತು, ನಿಮಗೆ ಬೇಜಾರಾಗತ್ತೆ ಅಂತ ಹೇಳಿಲ್ಲ ಅಷ್ಟೇ."

ನೋಡು, ಮೂರು ವರ್ಷ ನಾನು ಅವರನ್ನು ಬೇಸ್ತು ಬೀಳಿಸುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ನನ್ನ ಮೇಲಿನ ಪ್ರೀತಿಗೆ ಸುಮ್ಮನಿದ್ದರು.

ಆ ಹುಡುಗಿಗೆ ಎಲ್ಲವನ್ನೂ ಹೇಳಿದೆ. ಅವಳು ಬಯ್ಯಲಿಲ್ಲ. "ಗುರುಪಾದ ಅಂಕಲ್‌ಗೆ ಹೇಳಿದೀರಾ?" ಅಂದಳು. ಇಲ್ಲ ಅಂದೆ. "ಮತ್ತೆ ನಂಗ್ಯಾಕ್ ಹೇಳ್ತಿದೀರಾ?" ಅಂದು ಪಾರ್ಸೆಲ್ ತೆಗೆದುಕೊಂಡು ಮೇಲೆ ಹೋದಳು.

ಗುಂಪಿನ ಮಕ್ಕಳಿಗೆ ಒಂದು ಮಾತು. ನಾನು ಭಾಷಣದಲ್ಲಿ ಹೇಳುತ್ತಿದ್ದದ್ದು ಸುಳ್ಳಲ್ಲ. ಮೂರು ಸಾವಿರದ ಕಿಟ್ಟು, ಒಂದು ಪುಟ್ಟ ಡಬ್ಬಿ ಗ್ರೀಸು, ಒಂದು ಬ್ರಷ್ಷು, ಹಳೆಯ ಚಾಪೆಯ ತುಂಡು, ನಾಲ್ಕು ದಿನದ ತಾಳ್ಮೆ ಇದ್ದರೆ ಜೀವನಪೂರ್ತಿ ಖುಷಿಯಾಗಿ ಟೈಪ್ ಮಾಡಬಹುದು. ಆದರೆ ಅದಕ್ಕೆ ಸಾಕ್ಷಿ ನನ್ನ ಕೀಬೋರ್ಡಲ್ಲ, ಗುರುಪಾದನದು. ಇನ್ನೊಂದು ವಿಷಯ ನಾನು ಯಾವತ್ತೂ ಹೇಳಲಿಲ್ಲ, ಯಾಕೆಂದರೆ ನನಗೇ ಗೊತ್ತಿರಲಿಲ್ಲ: ನಿಮಗೆ ಚೆನ್ನಾಗಿದೆ ಅನ್ನಿಸಿದ ದಿನ ಪಕ್ಕದವನದಕ್ಕೆ ಕಿವಿ ಕೊಡಬೇಡಿ. ಅಲ್ಲಿಂದ ಮುಂದೆಯೇ ದುಡ್ಡು ಹೋಗುವುದು. ನನ್ನದು ಅಲ್ಲಿಂದಲೇ ಹೋಯಿತು. ಗುರುಪಾದನದು ದುಡ್ಡಿಗಿಂತ ದೊಡ್ಡದು ಹೋಯಿತು.

ಗುರುಪಾದ, ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕತ್ರಿಗುಪ್ಪೆಗೆ ಬರುತ್ತೇನೆ. ಕೈಯಲ್ಲಿ ಎರಡು ಚೀಲ ಇರುತ್ತವೆ. ನೀನು ಇದನ್ನು ಓದುವಾಗ ನಾನು ಎದುರಿಗೇ ಕೂತಿರುತ್ತೇನೆ, ಬೇರೆ ಕೋಣೆಗೆ ಹೋಗುವುದಿಲ್ಲ. ಆಮೇಲೆ ನನ್ನ ಕೀಬೋರ್ಡಿನ ತಳದ ಎಂಟು ಸ್ಕ್ರೂ ಬಿಚ್ಚಿ ಹಿತ್ತಾಳೆ ತಗಡನ್ನು ನಿನ್ನ ಕೈಗೆ ಕೊಡುತ್ತೇನೆ. ಅದನ್ನು ನನ್ನ ತಲೆಗೆ ಎಸೆಯಬಹುದು. ಗುರಿ ತಪ್ಪುವುದಿಲ್ಲ ಅಂತ ನನಗೆ ಗೊತ್ತು.

ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು "ಹೋಗ್ಲಿ ಬಿಡೋ ಕಪಿ" ಅಂತ ಒಂದು ನಿಮಿಷದಲ್ಲಿ ಮುಗಿಸಿಬಿಡುತ್ತೀಯ, ನನಗೆ ಹಗುರವಾಗುತ್ತದೆ. ನಿನ್ನ ಮೂರು ವರ್ಷಕ್ಕೆ ನನ್ನ ಒಂದು ನಿಮಿಷ ಸಮವಲ್ಲ.

ನಿಮ್ಮ ರಸ್ತೆಯ ಮೂರನೆಯ ಕಂಬದ ದೀಪ ಮತ್ತೆ ಕೆಟ್ಟಿದೆಯಂತೆ, ಪಾರ್ವತಮ್ಮ ಹೇಳಿದರು. ಎರಡು ತಿಂಗಳಾದರೂ ಯಾರೂ ಅರ್ಜಿ ಕೊಟ್ಟಿಲ್ಲ. ನಾನು ಬರೆಯುವುದಿಲ್ಲ, ನನಗೆ ಅಂಚು ಬಿಡಲು ಬರುವುದಿಲ್ಲ. ಇದಿಷ್ಟನ್ನೂ ನಿನ್ನ ಕೀಬೋರ್ಡಿನಲ್ಲೇ ಹೊಡೆದಿದ್ದೇನೆ; ತಪ್ಪುಗಳಿದ್ದರೆ ಅವು ನನ್ನ ಕೈಯವು. ಭಾನುವಾರ ಅದನ್ನು ನಿನ್ನ ಮೇಜಿನ ಮೇಲಿಟ್ಟು ಬರುತ್ತೇನೆ. ಅದು ನಿನ್ನದು.

ಮತ್ತೆ ಆ ಬುಧವಾರ ನೀನು ಒಂದು ಪ್ರಶ್ನೆ ಕೇಳಿದ್ದೆ. ನಾನು ನಿಜವಾದ ಉತ್ತರ ಕೊಟ್ಟಿರಲಿಲ್ಲ.

ಸಾಕು ಗುರುಪಾದ. ಮೊದಲನೆಯ ಸಲಕ್ಕೇ ಸಾಕಾಗಿತ್ತು.